ಉಂಡ ಮೇಲೆ ಕೂರುವ ಹೊತ್ತು

ಇವತ್ತು ಮಧ್ಯಾಹ್ನ ಅವರೆಕಾಳು ಸಾರಿನ ಕೈ ಒಣಗಿ ಬಿಗಿದುಕೊಂಡಾಗಲೇ ನನಗೆ ಗೊತ್ತಾಗಿದ್ದು, ಊಟ ಮುಗಿದು ಎಷ್ಟೋ ಹೊತ್ತಾಗಿದೆ ಅಂತ. ನಗಬೇಡಿ, ಈ ಹೊತ್ತಿಗೆ ಸ್ಪ್ಯಾನಿಷಿನಲ್ಲಿ ಒಂದು ಹೆಸರಿದೆ: ಸೋಬ್ರೆಮೇಸಾ. ಇಂಗ್ಲಿಷೇ ನೆಟ್ಟಗೆ ಬಾರದ ನನಗೆ ಬರುವ ಒಂದೇ ಸ್ಪ್ಯಾನಿಷ್ ಪದ.

ಉಯ್ಯಂಬಳ್ಳಿ ಕಡೆಯಿಂದ ಬಿಡದಿಗೆ ಸೊಸೆಯಾಗಿ ಬಂದ ಹೊಸತು. ಎಲ್ಲಿ ನೋಡಿದರೂ ಫ್ಯಾಕ್ಟರಿ ಏಳುತ್ತಿದ್ದ ಕಾಲ. ನಾವೂ ಮನೆ ಮೇಲೊಂದು ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದೆವು. ಬಂದವಳು ಲೂಸಿಯಾ, ಯಾವುದೋ ಮೆಷಿನ್ ಕೂರಿಸಲು ಸ್ಪೇನಿನಿಂದ ಬಂದ ಹುಡುಗಿ. ಅರೆಬರೆ ಕನ್ನಡ ಕಲಿತಿದ್ದಳು.

ಆ ಮನೆಯಲ್ಲಿ ನನಗೆ ಮಾತಿಗೆ ಯಾರೂ ಇರಲಿಲ್ಲ. ಅತ್ತೆ ಕೆಟ್ಟವರಲ್ಲ, ಆದರೆ ಉಪ್ಪು ತಾ, ಹಸು ಕಟ್ಟು ಎಂಬಲ್ಲಿಗೆ ಅವರ ಮಾತು ಮುಗಿಯುತ್ತಿತ್ತು. ಎಲ್ಲರದೂ ಆದ ಮೇಲೆ ನಾವಿಬ್ಬರೂ ಅಡುಗೆಮನೆಯಲ್ಲಿ ಗಬಗಬನೆ ಉಂಡು, ನೆಲ ಒರೆಸಿ ಏಳುವುದು. ತವರು ನೆನೆದು ನಾನು ಒಳಗೊಳಗೇ ಅಳುತ್ತಿದ್ದೆ.

ಒಂದು ಭಾನುವಾರ ಲೂಸಿಯಾಳನ್ನು ಊಟಕ್ಕೆ ಕರೆದೆವು. ತಟ್ಟೆ ಖಾಲಿಯಾದರೂ ಅವಳು ಏಳಲಿಲ್ಲ. ಏಳದೆ ಕೂತ ನೆಂಟರಿಗೆ ಹೊಟ್ಟೆ ತುಂಬಿಲ್ಲ ಎಂಬುದು ಅತ್ತೆಯ ಲೆಕ್ಕ. ಇನ್ನೊಂದು ಮುದ್ದೆ ಇಟ್ಟರು. ಬಡಿಸಿದ್ದನ್ನು ಬಿಡಬಾರದೆಂಬುದು ಅವಳ ಲೆಕ್ಕ. ತಿಂದು ಮತ್ತೆ ಕೂತಳು. ಮತ್ತೆ ಮುದ್ದೆ ಬಂತು. ಪಾತ್ರೆಯ ತಳ ಕಂಡಾಗ ಅತ್ತೆಯ ಮುಖ ಸಣ್ಣದಾಯಿತು. ಆ ಪುಣ್ಯಾತಗಿತ್ತಿಯೋ ಬೆವರುತ್ತಿದ್ದಳು.

ಇನ್ನೂ ಬೇಕಾ ಎಂದು ನಾನೇ ಕೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ಆ ಪದ ಹೇಳಿದಳು. ಉಂಡ ಜಾಗದಲ್ಲೇ ಕೂತು ಹರಟುವ ಹೊತ್ತಂತೆ ಅದು. ಸೋಬ್ರೆಮೇಸಾ ಉದ್ದವಾಯಿತು ಎನ್ನಬಹುದು, ಸೋಬ್ರೆಮೇಸಾದಲ್ಲಿ ಜಗಳವಾಯಿತು ಎನ್ನಬಹುದು. ಎದ್ದು ಜಗಲಿಗೆ ಹೋಗಿ ಹರಟಿದರೆ ಆ ಹೆಸರು ಸಲ್ಲದು. ಮೇಜಿನ ಮೇಲಿಡುವ ಕಂಪ್ಯೂಟರಿಗೂ ಆ ಪದ ಸೇರಿಸುತ್ತಾರಂತೆ, ಅದು ನಮಗೆ ಬೇಡ ಬಿಡಿ.

"ಉಂಡೋರು ಕೂತ್ಕಂಡು ಮಾತಾಡೋಕೂ ಒಂದು ಹೆಸರು ಮಡಗವ್ರಾ?" ಎಂದರು ಅತ್ತೆ.

ಆಮೇಲೆ ಅಡುಗೆಮನೆಯಲ್ಲಿ, ಮುದ್ದೆ ಉಳಿಯದೆ ಬರೀ ಅನ್ನದಲ್ಲಿ ನಮ್ಮ ಊಟ ಮುಗಿದು, ನಾನು ತಟ್ಟೆ ಎತ್ತಲು ಹೋದೆ. ಅತ್ತೆ ಕೈ ಹಿಡಿದು ಕೂರಿಸಿದರು.

"ಒಸಿ ಕೂತ್ಕೊ ಕಣವ್ವ. ನಿಮ್ಮವ್ವ ಹೆಂಗವ್ಳೆ? ನೀನು ಬಂದಾಗಿಂದ ಕೇಳೇ ಇಲ್ಲ ನಾನು."

ನನಗೆ ಅಳು ಬಂದುಬಿಟ್ಟಿತು. ಅವತ್ತು ಹಸುವಿನ ಹಾಲು ಕರೆದದ್ದು ತಡವಾಯಿತು.

ಅಲ್ಲಿಂದ ಇವತ್ತಿನವರೆಗೂ ನಾವು ಹೀಗೇ ಕೂರುತ್ತೇವೆ. ಇಷ್ಟು ವರ್ಷ ನನ್ನದೇ ಹೇಳಿಕೊಂಡಿದ್ದೆ. ಇವತ್ತು ಯಾಕೋ ಕೇಳಿದೆ, ಅತ್ತೆ, ನೀವು ಸೊಸೆಯಾಗಿ ಬಂದಾಗ ನಿಮ್ಮನ್ನು ಯಾರು ಕೂರಿಸಿಕೊಂಡು ಮಾತಾಡಿಸುತ್ತಿದ್ದರು?

"ಯಾರೂ ಇಲ್ಲ ಕಣವ್ವ," ಎಂದರು. "ನೀನು ಬರೋಗಂಟ ಯಾರೂ ಇರ್ನಿಲ್ಲ."