ಭಾವ ತಟ್ಟಿ ನೋಡಿದ ಬಂಡೆ

ಗೆಳೆಯರೆ, ಇಂದು ಖಾಸಗಿ ಗೈಡ್ ಒಬ್ಬನನ್ನು ಗೊತ್ತುಮಾಡಿಕೊಂಡು ಹುಳಿಯಾರಿನ ಆಚೆಗಿರುವ ಬಂಡೆಗುಡ್ಡಗಳನ್ನು ನೋಡಲು ಹೋಗಿದ್ದೆವು. ಗುಡ್ಡದಂಚಿನಲ್ಲಿ ಹೊರಚಾಚಿದ್ದ ಹಾಸುಬಂಡೆಯೊಂದನ್ನು ತೋರಿಸಿ ಅವನು, "ಸೂಪರ್ ಪಾಯಿಂಟ್ ಸಾರ್, ತುದೀಲಿ ಕೂತ್ಕೊಳ್ಳಿ, ಫೋಟೋ ತೆಗೀತೀನಿ" ಎಂದ. ಸಿವಿಲ್ ಎಂಜಿನಿಯರಾದ ನಾನು ವಿಧೇಯನಾಗಿ ಕುಳಿತೆ.

ಜೊತೆಗಿದ್ದ ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ, ಶೆಟ್ಟಿಕೆರೆಯಲ್ಲಿ ತೆಂಗು ಬೆಳೆಯುವವರು. ಅಟ್ಟದ ಮೇಲಿನ ಕಾಯಿಯನ್ನು ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಶಬ್ದದಿಂದಲೇ ಹೇಳಬಲ್ಲವರು. ಅವರು ಕೋಲಿನಿಂದ ಬಂಡೆಯನ್ನು ಎರಡು ಕಡೆ ಕುಟ್ಟಿ ಕಿವಿಗೊಟ್ಟರು.

"ಏಳ್ರೀ ಮೇಲೆ! ಇದು ಬುಟ್ಕೊಂಡೈತೆ, ಅಡೀಲಿ ಟೊಳ್ಳು."

ಗೈಡ್ ನಕ್ಕ. "ಇದೇನ್ ಕೊಬ್ರಿನಾ ಯಜಮಾನ್ರೇ? ಏನೂ ಆಗಲ್ಲ."

"ಅಂಗಾದ್ರೆ ನೀನೇ ಕೂತ್ಕೊ ಕಣಪ್ಪ. ಫೋಟೋ ನಾನ್ ತೆಗೀತೀನಿ."

ಗೈಡ್ ಬಂಡೆಯನ್ನು ನೋಡಿದ, ಕೈಗಡಿಯಾರವನ್ನು ನೋಡಿದ. "ಟೈಮಾಯ್ತು ಸಾರ್, ಮುಂದಿನ ಪಾಯಿಂಟ್‌ಗೆ ಹೋಗಣ."

ನಾನು ತೆವಳಿಕೊಂಡು ಹಿಂದೆ ಬಂದೆ. ಭಾವ ಕೈಹಿಡಿದು ಎಬ್ಬಿಸುತ್ತ, "ಕೂರೋಕ್ ಮುಂಚೆ ತಟ್ಟಿ ನೋಡ್ಬೇಕು ಕಣ್ರೀ" ಎಂದರು.

ಇಡೀ ದಿನದ ಪ್ರವಾಸದಲ್ಲಿ ನನಗೆ ದೊರೆತ ಮಾರ್ಗದರ್ಶನ ಅದೊಂದೇ.