ಹುಳಕ್ಕೆ ಬೇಡದ್ದು ಕೂಸಿಗೂ ಬೇಡ

ಬೆಳಿಗ್ಗೆ ಎದ್ದು ಬರ್ತೀನಿ, ನಡುಮನೇಲಿ ಅತ್ತೆ ರೇಷ್ಮೆ ಹುಳದ ತಟ್ಟೆ ಮುಂದೆ ಕುಕ್ಕರಗಾಲಲ್ಲಿ ಕೂತ್ಬಿಟ್ಟಿದ್ದಾರೆ. ಹಾಕಿದ ಸೊಪ್ಪು ಹಾಗೇ ಇದೆ. ಹುಳಗಳು ತಲೆ ಎತ್ತಿ ಅತ್ತಿತ್ತ ಆಡಿಸ್ತಾ ಹಸಿರು ನೀರು ಕಕ್ತಾ ಇವೆ.

ನಮ್ದು ಕೊಳ್ಳೇಗಾಲದ ಹತ್ರ ಧನಗೆರೆ. ಅತ್ತೆ ಈ ಮನೆಗೆ ಸೊಸೆಯಾಗಿ ಬಂದಾಗಿಂದ ಹುಳ ಸಾಕ್ತಿದ್ದಾರೆ. ಹಿಂದಿನ ದಿನ ಮಳೆಗೆ ಶೆಡ್ ಸೋರಿತು ಅಂತ ಮರಿ ಹುಳಗಳನ್ನ ಮನೆ ಒಳಕ್ಕೆ ತಂದಿಟ್ಟಿದ್ವಿ.

ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡು ಹೊರಟೇಬಿಟ್ರು. ಪಕ್ಕದ ಹೊಲದವನು ಟೊಮೊಟೊಗೆ ಔಷಧಿ ಹೊಡ್ದಿದ್ದಾನೆ, ಅದು ನಮ್ಮ ಸೊಪ್ಪಿಗೆ ಬಿದ್ದಿದೆ, ಇವತ್ತು ಅವನ ಗ್ರಹಚಾರ ಬಿಡಿಸ್ತೀನಿ ಅಂತ.

"ವಸಿ ಸುಮ್ನಿರಿ" ಅಂದ ಅತ್ತೆ ಸೊಪ್ಪು ಮೂಸಿದ್ರು. ಮೇಲೆ ನೋಡಿದ್ರು. ಸೀದಾ ನನ್ನ ರೂಮಿಗೆ ಬಂದ್ರು.

ತೊಟ್ಟಿಲ ಕೆಳಗೆ ಸೊಳ್ಳೆ ಬತ್ತಿಯ ಬೂದಿ ಸುರುಳಿ ಸುರುಳಿಯಾಗಿ ಬಿದ್ದಿತ್ತು.

ನಾನು ಬಾಣಂತನ ಮುಗಿಸಿ ಹನೂರಿನ ತವರಿಂದ ಬಂದಾಗಿಂದ ನಮ್ಮನೆಯವರು ಮಗುಗೆ ಸೊಳ್ಳೆ ಕಚ್ಚಬಾರ್ದು ಅಂತ ದಿನಾ ಸಂಜೆ ಅದನ್ನ ಹಚ್ಚಿ ಬಾಗ್ಲು ಕಿಟಕಿ ಹಾಕ್ತಿದ್ರು. ಹುಳ ಒಳಗೆ ತಂದ ಸಂಜೆನೂ ಹಚ್ಚಿದ್ರು. ಬಾಗ್ಲು ಹಾಕಿದೀನಲ್ಲ, ಹುಳಕ್ಕೇನಾಗುತ್ತೆ ಅಂತ.

ನಮ್ದು ಹಳೇ ಹೆಂಚಿನ ಮನೆ, ಒಳಗೋಡೆ ಸೂರು ಮುಟ್ಟಲ್ಲ, ಹೊಗೆ ಮೇಲಿಂದ ನಡುಮನೆಗೆ ಇಳಿಯುತ್ತೆ. ಅದೇ ಮನೇಲಿ ಹುಟ್ಟಿ ಬೆಳೆದ ಮಹಾನುಭಾವನಿಗೆ ಅದು ಮರೆತುಹೋಗಿತ್ತು...

ಇಡೀ ಬೆಳೆ ಹೋಯ್ತು. ಇವತ್ತು ಮಗನಿಗೆ ಮಂಗಳಾರತಿ ಗ್ಯಾರಂಟಿ ಅಂತ ನಾನು ಮೂಲೆ ಹಿಡಿದು ನಿಂತೆ.

ಅತ್ತೆ ಬೈಲೇ ಇಲ್ಲ. ಮಗುನ ತೊಟ್ಟಿಲಿಂದ ಎತ್ತಿ ಎದೆಗೆ ಅವುಚ್ಕೊಂಡು ಜಗುಲಿಗೆ ಹೋದ್ರು. ಅಲ್ಲಿಂದ್ಲೇ ಮಗನನ್ನ ಕೇಳಿದ್ರು. "ಉಳ ಒಂದೇ ರಾತ್ರಿಗೆ ಸತ್ತೋದೊ ಕಣ್ಲಾ. ಈ ಕೂಸು ಎಷ್ಟ್ ರಾತ್ರಿಯಿಂದ ಆ ಒಗೆ ಕುಡೀತಾದೆ?"

ಬಂದಾಗಿಂದ ಮಗುಗೆ ಕೆಮ್ಮಿತ್ತು. ನೀರು ಬದಲಾಗಿದೆ, ಶೀತ, ದೃಷ್ಟಿ ಅಂತ ಒಬ್ಬೊಬ್ರು ಒಂದೊಂದು ಹೇಳಿ, ನಿವಾಳಿಸಿದ್ದೂ ಆಗಿತ್ತು.

ಅವತ್ತೇ ಕಾಮಗೆರೆ ಆಸ್ಪತ್ರೆಗೆ ಹೋಗಿ ತೋರಿಸಿದ್ವಿ. ಬಾಗ್ಲು ಹಾಕಿದ ರೂಮಲ್ಲಿ ಆ ಹೊಗೆ ಎಳೇ ಮಗುಗೆ ಒಳ್ಳೇದಲ್ಲ, ಸೊಳ್ಳೆ ಪರದೆ ಕಟ್ಟಿ ಅಂದ್ರು ಡಾಕ್ಟ್ರು. ಬರ್ತಾ ಕೊಳ್ಳೇಗಾಲದಲ್ಲಿ ಪರದೆ ತಂದ್ವಿ. ಕೆಮ್ಮು ದಿನದಿಂದ ದಿನಕ್ಕೆ ಇಳೀತು.

ಇನ್ನೊಬ್ರಾಗಿದ್ರೆ ಅಲ್ಲಿಗೆ ಬಿಡ್ತಿದ್ರು. ನಮ್ಮತ್ತೆ ಬಿಡೋ ಪೈಕಿ ಅಲ್ಲ.

ಹುಳದ ಮನೆ ಮಡಿ ಗೊತ್ತಿರೋರಿಗೆ ಗೊತ್ತು. ಕೈಕಾಲು ತೊಳೀದೆ ಒಳಗೆ ಹೋಗಂಗಿಲ್ಲ, ಬೀಡಿ ಇಲ್ಲ, ಸೆಂಟ್ ಇಲ್ಲ. ಮದ್ವೆಯಾದ ಹೊಸದ್ರಲ್ಲಿ ನಾನು ಪೌಡರ್ ಬಳ್ಕೊಂಡು ಹೋಗಿದ್ದಕ್ಕೆ ಬಾಗ್ಲಲ್ಲೇ ವಾಪಸ್ ಕಳಿಸಿ ಮುಖ ತೊಳೆಸಿದ್ರು.

ಆ ಮಡೀನ ಈಗ ಇಡೀ ಮನೆಗೆ ತಂದ್ರು. "ಉಳಕ್ಕೆ ಬ್ಯಾಡದ್ದು ಕೂಸ್ಗೂ ಬ್ಯಾಡ" ಅಂತ ಒಂದೇ ಮಾತು.

ನೀರೊಲೆ ಹೊತ್ತಿಸೋಕೆ ನಾವು ಹಾಲಿನ ಕವರ್ರು, ಸೈಕಲ್ ಟ್ಯೂಬಿನ ತುಂಡು ಹಾಕ್ತಿದ್ವಿ. ಈಗ ತೆಂಗಿನ ಗರಿ ಮಾತ್ರ. ಹೊಲದಲ್ಲಿ ಕುಡಿಯೋ ನೀರು ಇಡ್ತಿದ್ದ ಖಾಲಿ ಔಷಧಿ ಕ್ಯಾನನ್ನ ಮಚ್ಚಲ್ಲಿ ಸೀಳಿಬಿಟ್ರು, ಮತ್ತೆ ಯಾರೂ ತುಂಬಿಸಬಾರ್ದು ಅಂತ. ಮಾವ ಬೀಡಿ ಹಿಡ್ಕೊಂಡು ಹುಣಸೆಮರದ ತನಕ ನಡೀತಾರೆ, ಸೊಂಟ ಹಗುರಾಗಿದೆಯಂತೆ ಪಾಪ.

ಯಳಂದೂರಿಂದ ಅತ್ತೆಯ ಅಣ್ಣ ಬಂದಿದ್ರು, ಭತ್ತಕ್ಕೆ ಔಷಧಿ ಹೊಡೆದ ಬಟ್ಟೇಲೇ. ಮಗು ಎತ್ತೋಕೆ ಕೈ ಚಾಚಿದ್ರು. "ಅಣ್ಣಾ, ಮೊದ್ಲು ಬಚ್ಚಲಿಗೆ ಓಗು" ಅಂದೇಬಿಟ್ರು ಅತ್ತೆ. ಮುಖ ಊದಿಸ್ಕೊಂಡೇ ಸ್ನಾನ ಮಾಡಿ, ಮಾವನ ಪಂಚೆ ಉಟ್ಟು ಬಂದ್ರು. ಆಮೇಲೆ ಮಗುನ ಇಳಿಸಲೇ ಇಲ್ಲ.

ನಿಜ ಹೇಳ್ತೀನಿ, ನನಗೆ ಅತ್ತೆ ಮೇಲೆ ಹೊಟ್ಟೆಕಿಚ್ಚು ಬರೋಷ್ಟು ಮೆಚ್ಚುಗೆ.

ಹೋದ ವಾರ ಹೊಸ ಬೆಳೆಗೆ ಶೆಡ್ ರೆಡಿ ಮಾಡಬೇಕಿತ್ತು. ಹುಳಕ್ಕೆ ರೋಗ ಬರದಂಗೆ ಒಳಗೆಲ್ಲ ಫಾರ್ಮಲಿನ್ ಹೊಡೀಬೇಕು. ಅದು ಅತ್ತೆ ಕೆಲಸ, ಯಾವಾಗ್ಲೂ. ಸೆರಗನ್ನ ಮೂಗಿಗೆ ಕಟ್ಕೊಂಡು ಹೋಗ್ತಾರೆ, ಕಣ್ಣು ಕೆಂಡ ಮಾಡ್ಕೊಂಡು ಬರ್ತಾರೆ.

ಆ ವಾಸನೆ ವರ್ಷಗಟ್ಟಲೆ ಕುಡಿದ್ರೆ ಕ್ಯಾನ್ಸರ್ ಕೂಡ ಬರಬಹುದು ಅಂತ ಎರಡನೇ ಸಲ ಕಾಮಗೆರೆಗೆ ಹೋದಾಗ ಡಾಕ್ಟ್ರು ಹೇಳಿದ್ರು. ಅದು ತಾಗಬಾರ್ದು ಅಂತ ನನ್ನನ್ನೂ ಮಗುನೂ ಹನೂರಿಗೆ ಕಳಿಸೋಕೆ ಅತ್ತೆ ಆಗ್ಲೇ ಬ್ಯಾಗ್ ತುಂಬಿಸಿಟ್ಟಿದ್ರು.

"ನೀವು?" ಅಂದೆ.

"ನಂಗೇನಾದ್ದು, ಅಭ್ಯಾಸ ಆಗೋಗದೆ."

"ಅತ್ತೆ, ಇದನ್ನ ಹೊಡೆದ ತಕ್ಷಣ ಒಳಕ್ಕೆ ಹುಳ ಬಿಡ್ತೀರಾ?"

"ತಲೆ ಕೆಟ್ಟದೇನವ್ವ ನಿಂಗೆ? ವಾಸ್ನೆ ಪೂರಾ ಓಗೋಗಂಟ ಬಿಡಕ್ಕಾದ್ದಾ? ಸತ್ತೋಯ್ತವೆ."

ಅಂದವರು ಕೈಲಿದ್ದ ಫಾರ್ಮಲಿನ್ ಕ್ಯಾನ್ ಕೆಳಗಿಟ್ರು.

ನಮ್ಮನೆಯವರು ರೇಷ್ಮೆ ಆಫೀಸಿಗೆ ಹೋಗಿ ಕೇಳ್ಕೊಂಡು ಬಂದ್ರು. ಫಾರ್ಮಲಿನ್ನೇ ಆಗಬೇಕು ಅಂತಿಲ್ಲ, ಬೇರೆ ಔಷಧಿ ಇದೆಯಂತೆ. ಅದನ್ನೇ ತಂದು ಮಾಸ್ಕು, ಗ್ಲೌಸು, ಕನ್ನಡಕ ಹಾಕ್ಕೊಂಡು ಈ ಸಲ ಅವರೇ ಹೊಡೆದ್ರು.

ಅತ್ತೆ ಜಗುಲಿ ಮೇಲೆ ಮಗುನ ತೊಡೆ ಮೇಲೆ ಹಾಕ್ಕೊಂಡು ಕೂತಿದ್ರು. ಮಧ್ಯೆ ಒಂದೆರಡು ಸಲ ಕೆಮ್ಮಿದ್ರು. ನಾನು ಈ ಮನೆಗೆ ಬಂದ ದಿನದಿಂದ ಇರೋ ಕೆಮ್ಮು ಅದು. ಮಗು ಕೆಮ್ಮಿದ್ರೆ ಊರೆಲ್ಲ ಓಡಾಡಿದ ನಾವು, ಇದನ್ನ ಯಾವತ್ತೂ ಕೇಳಿಸ್ಕೊಂಡೇ ಇರಲಿಲ್ಲ.

ನಾಳೆ ಅವರನ್ನ ಕರ್ಕೊಂಡು ಕಾಮಗೆರೆಗೆ ಹೊರಟಿದ್ದೀನಿ.

ನಿಮ್ಮನೇಲಿ ಯಾರ ಕೆಮ್ಮು ನಿಮಗೆ ಅಭ್ಯಾಸ ಆಗಿಹೋಗಿದೆ?