ಅಳತೆ ಮಾಡಿದವರು

ಬರೆಯುವುದು ನನ್ನ ಕಸುಬಲ್ಲ. ಹೇಳುವ ಕ್ರಮದಲ್ಲಿ ಲೋಪಗಳಿದ್ದರೆ ಓದುಗರು ಮನ್ನಿಸಬೇಕು. ಕಳೆದ ವಾರ ಕಪಾಟಿನ ಮೇಲಿದ್ದ ತಗಡಿನ ಕೊಳವೆಯೊಂದರ ಮುಚ್ಚಳ ತೆಗೆದೆ. ಒಳಗೆ ನನ್ನ ಹಳೆಯ ನಕ್ಷೆಗಳ ಪ್ರತಿಗಳಿದ್ದವು. ಅಮೋನಿಯಾದ ಸಣ್ಣ ಘಾಟು ಇನ್ನೂ ಉಳಿದಿತ್ತು. ಅದು ಉಡುಪಿಯ ಒಂದು ಚಿಕ್ಕ ಅಂಗಡಿಯ ವಾಸನೆ...

ಎಂಬತ್ತರ ದಶಕದಲ್ಲಿ ಅಲ್ಲಿ ನಕ್ಷೆ ಬರೆದು ಅಮೋನಿಯಾದ ಹಬೆಯಲ್ಲಿ ಪ್ರತಿ ತೆಗೆದುಕೊಡುತ್ತಿದ್ದ ಹಿರಿಯರನ್ನು ನಾವು ‘ಪೊರ್ಬುಗಳು’ ಎನ್ನುತ್ತಿದ್ದೆವು. ನಮ್ಮ ಕಡೆ ಕ್ರೈಸ್ತ ಹಿರಿಯರನ್ನು ಕರೆಯುವುದೇ ಹಾಗೆ. ನಾನಾಗ ಮಣಿಪಾಲದಲ್ಲಿ ಆರ್ಕಿಟೆಕ್ಚರ್ ಪದವಿಯ ಕೊನೆಯ ವರ್ಷದಲ್ಲಿದ್ದೆ. ಅಮ್ಮ ಉಚ್ಚಿಲದಿಂದ ಕಾಪುವಿನವರೆಗೆ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದರು. ಮುಂದೆ ಏನನ್ನು ಓದಬಹುದೆಂದು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಪೊರ್ಬುಗಳನ್ನು ಕೇಳಿದೆ.

“ಟೌನ್ ಪ್ಲಾನಿಂಗ್ ಓದಿದರೆ ಸರಕಾರಿ ಕೆಲಸ ಉಂಟು. ಅರ್ಬನ್ ಡಿಸೈನ್ ಓದಿದರೆ ಎಂತ ಸಿಗ್ತದೆ ಅಂತ ನನಗೂ ಗೊತ್ತಿಲ್ಲ. ಆದರೆ ನಿನಗೆ ಮನೆ ಬರೆಯಲಿಕ್ಕೆ ಹೇಳಿದರೆ ಎದುರಿನ ದಾರಿ ಬರೀತಿ ಮಾರಾಯ್ತಿ. ಅದನ್ನೇ ಓದು.”

ದಿಲ್ಲಿಯ ಅರ್ಬನ್ ಡಿಸೈನ್ ಕೋರ್ಸಿಗೆ ಅರ್ಜಿಯೊಂದಿಗೆ ಹಳೆಯ ಬೀದಿಯೊಂದನ್ನು ಅಳೆದು ಬರೆದ ನಕ್ಷೆಗಳನ್ನು ಕಳುಹಿಸಬೇಕಿತ್ತು. ಕಾರ್ಕಳದ ಪೇಟೆಬೀದಿಯನ್ನು ಆರಿಸಿಕೊಂಡೆ. ನಾಲ್ಕು ಭಾನುವಾರ ಪೊರ್ಬುಗಳು ಇಗರ್ಜಿಯ ಪ್ರಾರ್ಥನೆ ಮುಗಿಸಿ ನೇರವಾಗಿ ಬಸ್ಸು ಹತ್ತಿ ಬಂದರು. ಟೇಪಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ. ಮೊಣಕಾಲೂರಿ ಪ್ರತಿಯೊಂದು ಜಗಲಿಯ ಎತ್ತರವನ್ನೂ ಅಳೆದರು.

“ನೋಡು, ಎಲ್ಲವೂ ಕೂರುವ ಎತ್ತರವೇ. ನಡೆದು ದಣಿದವ ಯಾರನ್ನೂ ಕೇಳದೆ ಕೂರಬಹುದು.”

ಆ ಮಾತನ್ನು ನಕ್ಷೆಯ ಕೆಳಗೆ ನನ್ನದೇ ಟಿಪ್ಪಣಿಯಾಗಿ ಬರೆದುಕೊಂಡೆ.

ಹಾಳೆಯ ಮೂಲೆಯಲ್ಲಿ ‘ಅಳತೆ ಮಾಡಿದವರು’ ಎಂಬ ಚೌಕವಿತ್ತು. ಎರಡು ಹೆಸರುಗಳಿದ್ದರೆ ಕೆಲಸ ನನ್ನದಲ್ಲವೆಂದು ಆಯ್ಕೆ ಮಾಡುವವರು ಭಾವಿಸಿಯಾರು ಎಂದು ಹೆದರಿ, ನನ್ನ ಹೆಸರೊಂದನ್ನೇ ಬರೆದೆ. ಪ್ರತಿ ತೆಗೆಯಬೇಕಾದವರು ಅವರೇ ಎಂಬುದು ಆಗ ಹೊಳೆಯಲಿಲ್ಲ... ಹೊಳೆದಿತ್ತೇನೋ.

ಟ್ರೇಸಿಂಗ್ ಕಾಗದದ ಮೇಲಿನ ತಪ್ಪು ಗೆರೆಯನ್ನು ಅರ್ಧ ಬ್ಲೇಡಿನಿಂದ ಗುರುತು ಉಳಿಯದಂತೆ ಕೆರೆದು ತೆಗೆಯುವುದರಲ್ಲಿ ಅವರು ನಿಪುಣರು. ಅಂದು ಹಾಳೆಯನ್ನು ಬೆಳಕಿಗೆ ಹಿಡಿದಾಗ ಅವರ ಕಣ್ಣು ಆ ಮೂಲೆಯಲ್ಲಿ ತುಸು ಹೊತ್ತು ನಿಂತಿತು. ಬಳಿಕ ಬ್ಲೇಡನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು.

“ಎಲ್ಲ ಸರಿ ಉಂಟಲ್ವಾ? ಪ್ರಿಂಟ್ ತೆಗೆದ ಮೇಲೆ ಕೆರೆಯಲಿಕ್ಕೆ ಆಗುವುದಿಲ್ಲ.”

“ಸರಿ ಉಂಟು,” ಎಂದೆ.

ಅವರು ಪ್ರತಿ ತೆಗೆದರು, ಅಂಚುಗಳನ್ನು ನೇರವಾಗಿ ಕತ್ತರಿಸಿದರು, ಸುರುಳಿ ಮಾಡಿ ಈ ಕೊಳವೆಯಲ್ಲಿಟ್ಟು ಕೊಟ್ಟರು. ಕೊಳವೆಯೂ ಅವರದೇ.

ನನಗೆ ಸೀಟು ಸಿಕ್ಕಿತು. ಹೋಗಿ ಹೇಳಬೇಕಿತ್ತು. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಆ ಅಂಗಡಿಯ ಬೀದಿಯನ್ನು ತಪ್ಪಿಸಿ ಸುತ್ತು ಬಳಸಿ ನಡೆದೆ... ಅವರು ತೀರಿಕೊಂಡದ್ದು ತಿಳಿಯುವಾಗ ವರ್ಷವೇ ಕಳೆದಿತ್ತು.

ನನಗೆ ಕೆಲಸ ಸಿಕ್ಕ ವರ್ಷ ಅಮ್ಮ ಬುಟ್ಟಿ ಹೊರುವುದನ್ನು ಬಿಟ್ಟರು. ತಂಗಿ ಕಾಲೇಜು ಸೇರಿದಳು. ಈಗ ಅವಳ ಮನೆಯ ಗೋಡೆಯಲ್ಲಿ ಆ ನಕ್ಷೆಯ ಒಂದು ಪ್ರತಿ ಗಾಜಿನ ಚೌಕಟ್ಟಿನೊಳಗಿದೆ. ದೊಡ್ಡಮ್ಮ ಒಬ್ಬರೇ ಇಡೀ ಬೀದಿಯನ್ನು ಅಳೆದರೆಂದು ಅವಳ ಮಕ್ಕಳು ಬಂದವರಿಗೆಲ್ಲ ಹೇಳುತ್ತಾರೆ. ಟೇಪಿನ ಇನ್ನೊಂದು ತುದಿಯನ್ನು ಯಾರು ಹಿಡಿದಿದ್ದರೆಂದು ಇಂದಿನವರೆಗೆ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.